ಗೇಟಿನ ಬೋರ್ಡೊಂದೇ ಸಾಲದು

ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಬೋರ್ಡ್ ಇದ್ದರೂ ಕೊರಿಯರ್ ಹುಡುಗನಿಗೆ ನಾಯಿ ಕಚ್ಚಿದ್ದಕ್ಕೆ ನೀವು ಹೊಣೆಯಾ ಅಂತ ಕೇಳಿದ್ದೀರಿ. ಬೋರ್ಡ್ ಹಾಕಿದ ಮಾತ್ರಕ್ಕೆ ಹೊಣೆ ತಪ್ಪಲ್ಲ. ಪಾರ್ಸೆಲ್ ತರಿಸಿದವರೂ ನೀವೇ, ನಾಯಿ ಬಿಚ್ಚಿಟ್ಟವರೂ ನೀವೇ ಅಲ್ವಾ? ಅಪಾಯ ತಡೆಯೋಕೆ ಸಾಕಷ್ಟು ಎಚ್ಚರ ವಹಿಸಿದ್ರಾ ಅನ್ನೋದನ್ನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ನೋಡುತ್ತೆ: 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಸ್ಪತ್ರೆ ಖರ್ಚು, ಹೋದ ಕೂಲಿಗೆ ಸಿವಿಲ್ ದಾವೆ ಬೇರೆ.

ಅದೆಲ್ಲ ಆಮೇಲೆ. ಗಾಯವನ್ನು ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಸಿ. ಅರಿಶಿನ, ಸುಣ್ಣ ಮೆತ್ತಬೇಡಿ. ಅವತ್ತೇ ರೇಬೀಸ್ ಲಸಿಕೆ ಶುರುವಾಗಲಿ. ಹಲ್ಲು ನಾಟಿ ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲೋಬುಲಿನ್ (ರೇಬೀಸ್ ವೈರಸ್ ತಡೆಯೋ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು. ನಾಯಿಯ ಲಸಿಕೆ ಕಾರ್ಡ್ ಡಾಕ್ಟರಿಗೆ ತೋರಿಸಿ, ಆದರೆ ಅದನ್ನೇ ನಂಬಿ ಇಂಜೆಕ್ಷನ್ ತಪ್ಪಿಸಬೇಡಿ. ನಾಯಿಯನ್ನು 10 ದಿನ ಮನೆಯಲ್ಲೇ ಇಟ್ಟು ಗಮನಿಸಿ. ಹೆದರಿ ಎಲ್ಲೋ ಬಿಟ್ಟು ಬಂದರೆ ಅದಕ್ಕೆ ರೇಬೀಸ್ ಇತ್ತೋ ಇಲ್ಲವೋ ತಿಳಿಯೋ ದಾರಿಯೇ ಇರಲ್ಲ.