ಎಸ್‌ಇಸಿಎಂ ದತ್ತಾಂಶ ವಿಶ್ಲೇಷಣೆಗೆ ಯಾವ ಮುಕ್ತ ತಂತ್ರಾಂಶ ಬಳಸಬಹುದು?

ಎಸ್‌ಇಸಿಎಂ ಎಂದರೆ ಸ್ಕ್ಯಾನಿಂಗ್ ಎಲೆಕ್ಟ್ರೋಕೆಮಿಕಲ್ ಮೈಕ್ರೋಸ್ಕೋಪಿ: ದ್ರಾವಣದಲ್ಲಿ ಮೇಲ್ಮೈಯ ಹತ್ತಿರ ಸಣ್ಣ ವಿದ್ಯುದಗ್ರದ ತುದಿಯನ್ನು ಸರಿಸುತ್ತ ಕರೆಂಟ್ ಅಳೆಯುವ ವಿಧಾನ. ಉಪಕರಣದ ತಂತ್ರಾಂಶ ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿದೆ, ಕೈಯಲ್ಲಿರುವುದು ಟೆಕ್ಸ್ಟ್ ಫೈಲ್ ಮಾತ್ರ ಎಂದಿದ್ದೀರಿ. ಅಷ್ಟು ಸಾಕು. ಚಿತ್ರಗಳಿಗೆ ಗ್ವಿಡಿಯನ್ ಎಂಬ ಮುಕ್ತ ತಂತ್ರಾಂಶ, ಅಪ್ರೋಚ್ ಕರ್ವ್‌ಗೆ (ತುದಿ ಮೇಲ್ಮೈಗೆ ಹತ್ತಿರವಾದಂತೆ ಕರೆಂಟ್ ಬದಲಾಗುವುದರ ಗ್ರಾಫ್) ಪೈಥಾನ್ ಭಾಷೆ ಬಳಸಿ. ಎರಡನ್ನೂ ಒಂದೇ ತಂತ್ರಾಂಶದಲ್ಲಿ ಮುಗಿಸುವ ಹಟ ಬೇಡ.

ಮೊದಲು ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಹೆಡರ್ ಎಷ್ಟು ಸಾಲಿದೆ, ದಶಮಾಂಶಕ್ಕೆ ಚುಕ್ಕಿಯೋ ಅಲ್ಪವಿರಾಮವೋ, ಏಕಮಾನ ಯಾವುದು ಎಂದು ನೋಡಿಕೊಳ್ಳಿ. ಓದಿಸಿದ ಕೂಡಲೇ ದೂರವನ್ನು ಮೈಕ್ರೋಮೀಟರಿಗೂ ಕರೆಂಟನ್ನು ನ್ಯಾನೋ ಆಂಪಿಯರಿಗೂ ಬದಲಿಸಿ. ಪೈಥಾನಿನ ಸೈಪೈ ಲೈಬ್ರರಿಯ ಕರ್ವ್ ಫಿಟ್‌ಗೆ (ಸೂತ್ರವನ್ನು ದತ್ತಾಂಶಕ್ಕೆ ಹೊಂದಿಸುವ ಫಂಕ್ಷನ್) ಆರಂಭಿಕ ಅಂದಾಜು ಕೊಡದಿದ್ದರೆ ಅದು ಎಲ್ಲವನ್ನೂ 1 ಎಂದು ಹಿಡಿಯುತ್ತದೆ. ಮೀಟರ್, ಆಂಪಿಯರ್‌ಗಳಲ್ಲೇ ಬಿಟ್ಟರೆ ಫಿಟ್ ದಿಕ್ಕು ತಪ್ಪುವುದು ಇದರಿಂದಲೇ.

ಇನ್ನು ಕರ್ವ್. ತುದಿ ಮೇಲ್ಮೈಯಿಂದ ಬಹಳ ದೂರವಿದ್ದಾಗಿನ ಕರೆಂಟಿನಿಂದ ಇಡೀ ಕರ್ವನ್ನು ಭಾಗಿಸಿ. 25 ಮೈಕ್ರೋಮೀಟರ್ ವ್ಯಾಸದ ಪ್ಲಾಟಿನಂ ತುದಿ, ದ್ರಾವಣದಲ್ಲಿ ಕರೆಂಟ್ ಕೊಡುವ ವಸ್ತುವಾಗಿ 1 ಮಿಲಿಮೋಲಾರ್ ಫೆರೋಸಿನ್ ಮೆಥನಾಲ್ ಇದ್ದರೆ ಅದು 3.5 ನ್ಯಾನೋ ಆಂಪಿಯರ್ ಆಸುಪಾಸು ಬರಬೇಕು; ಎರಡು ಪಟ್ಟು ಬಂದರೆ ತುದಿಯ ಲೋಹದ ಸುತ್ತಲಿನ ಗಾಜು ಸೀಳಿದೆಯೇ ಎಂದು ಮೊದಲು ನೋಡಿ. ಗಾಜಿನ ಹೊರತ್ರಿಜ್ಯ ಲೋಹದ ತ್ರಿಜ್ಯದ ಸುಮಾರು 10 ಪಟ್ಟಿದ್ದು, ತಳ ವಾಹಕವಾಗಿದ್ದರೆ, ಭಾಗಿಸಿದ ಕರೆಂಟಿಗೆ ಈ ಸೂತ್ರ:

0.68 + 0.78377/ಎಲ್ + 0.3315 × ಎಕ್ಸ್‌ಪ್(−1.0672/ಎಲ್)

ಇಲ್ಲಿ ಎಲ್ ಎಂದರೆ ತುದಿಯಿಂದ ತಳಕ್ಕಿರುವ ದೂರವನ್ನು ಲೋಹದ ತ್ರಿಜ್ಯದಿಂದ ಭಾಗಿಸಿದ್ದು; ಎಕ್ಸ್‌ಪ್ ಎಂದರೆ ಘಾತೀಯ ಫಲನ (exp). ಎಲ್ 1 ಆದಾಗ ಉತ್ತರ ಸುಮಾರು 1.58, ಕೋಡ್ ಸರಿಯಿದೆಯೇ ಎಂದು ಇದರಿಂದ ಪರೀಕ್ಷಿಸಿ. ತ್ರಿಜ್ಯವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಸ್ಥಿರವಾಗಿಡಿ, ಶೂನ್ಯದೂರವನ್ನಷ್ಟೇ (ದೂರ ಸೊನ್ನೆಯಾಗುವ ಸ್ಥಾನ) ಫಿಟ್‌ಗೆ ಬಿಡಿ. ತ್ರಿಜ್ಯ, ಶೂನ್ಯದೂರ, ದೂರದ ಕರೆಂಟ್ ಮೂರನ್ನೂ ಸಡಿಲ ಬಿಟ್ಟರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಗೆರೆ ಅಂದವಾಗಿ ಕೂತರೂ ಸಂಖ್ಯೆಗಳನ್ನು ನಂಬುವಂತಿಲ್ಲ. ತುದಿ ತುಸು ಓರೆಯಿದ್ದರೆ ಗಾಜಿನ ಅಂಚೇ ಮೊದಲು ತಳಕ್ಕೆ ತಾಗುತ್ತದೆ. ಕರ್ವ್ ಥಟ್ಟನೆ ಮುರಿದಂತೆ ಕಾಣುವ ಆ ಬಿಂದುವಿನಿಂದಾಚೆಗಿನ ದತ್ತಾಂಶವನ್ನು ಕತ್ತರಿಸಿ.

ಚಿತ್ರಕ್ಕೆ ಬಂದರೆ, ಮೂರು ಕಾಲಂಗಳ ಫೈಲನ್ನು ಗ್ವಿಡಿಯನ್‌ನಲ್ಲಿ ಎಕ್ಸ್‌ವೈಝಡ್ ದತ್ತಾಂಶವಾಗಿ ತೆರೆದು ರಾಸ್ಟರ್ ಮಾಡಿ, ಅಂದರೆ ಪಿಕ್ಸೆಲ್ ಚಿತ್ರವಾಗಿಸಿ. ಅಂಕುಡೊಂಕು ಸ್ಕ್ಯಾನ್ ಆಗಿದ್ದರೆ ಹೋಗುವ, ಬರುವ ಸಾಲುಗಳನ್ನು ಮೊದಲೇ ಬೇರ್ಪಡಿಸಿ, ಇಲ್ಲವಾದರೆ ಅಂಚುಗಳು ಗರಗಸದಂತೆ ಕಾಣುತ್ತವೆ.

ಗ್ವಿಡಿಯನ್‌ನ ಪ್ಲೇನ್ ಲೆವೆಲ್ (ಚಿತ್ರದಿಂದ ಓರೆ ಸಮತಲವನ್ನು ಕಳೆಯುವ ಆಜ್ಞೆ) ಒತ್ತುವ ಮುಂಚೆ ಮಾತ್ರ ದಯವಿಟ್ಟು ಯೋಚಿಸಿ. ಅದು ಎತ್ತರದ ದತ್ತಾಂಶಕ್ಕಾಗಿ ಮಾಡಿದ್ದು. ಕರೆಂಟ್ ದೂರದೊಂದಿಗೆ ನೇರವಾಗಿ ಬದಲಾಗುವುದಿಲ್ಲ, ಹಾಗಾಗಿ ಸಮತಲ ಕಳೆದ ಮೇಲೆ ಉಳಿಯುವ ಸಂಖ್ಯೆಗೆ ಭೌತಿಕ ಅರ್ಥವಿಲ್ಲ. ಮಾದರಿ ಓರೆಯಿದ್ದರೆ ಮೂರು ಮೂಲೆಗಳಲ್ಲಿ ಅಪ್ರೋಚ್ ಕರ್ವ್ ತೆಗೆದು ತಳದ ಸಮತಲ ಕಂಡುಕೊಳ್ಳಿ, ಪ್ರತಿ ಪಿಕ್ಸೆಲ್‌ನ ದೂರ ಲೆಕ್ಕಹಾಕಿ, ಆ ದೂರಕ್ಕೆ ಸೂತ್ರ ಕೊಡುವ ಕರೆಂಟಿನೊಂದಿಗೆ ಹೋಲಿಸಿ. ಪೈಥಾನಿನ ನಂಪೈ ಲೈಬ್ರರಿಯಲ್ಲಿ ಇದು ಹತ್ತಿಪ್ಪತ್ತು ಸಾಲಿನ ಕೆಲಸ.