ಮಕ್ಕಳ ಐಸಿಯುಗೆ ಹೊಸದಾಗಿ ಬಂದ ವೈದ್ಯರಿಗೆ

ಇಂಗ್ಲೆಂಡಿಗೆ ಬಂದು ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಫೆಲೋ (ತರಬೇತಿ ಸೀಟಿಲ್ಲದ ಹುದ್ದೆಯ ವೈದ್ಯ) ಆಗಿ ಸೇರಿದ್ದೀರಿ, ಸಂತೋಷ. ಹೆತ್ತವರು ಹಗಲೂ ರಾತ್ರಿ ಮಗುವಿನ ಪಕ್ಕದಲ್ಲೇ ಇರುತ್ತಾರೆ, ರೌಂಡ್ಸ್ ಹೊತ್ತಿನಲ್ಲೂ ಕದಲುವುದಿಲ್ಲ, ಅವರೆದುರು ಬಾಯಿ ಕಟ್ಟಿದಂತಾಗುತ್ತದೆ ಎಂದು ಬರೆದಿದ್ದೀರಿ. ಇದರ ನಡುವೆ ಸ್ಪೆಷಾಲಿಟಿ ತರಬೇತಿಗೆ (ತಜ್ಞ ವೈದ್ಯರಾಗುವ ತರಬೇತಿಗೆ) ಸಿದ್ಧತೆ ಹೇಗೆ ಎಂಬುದು ನಿಮ್ಮ ಎರಡನೇ ಪ್ರಶ್ನೆ. ನನ್ನ ಕಣ್ಣಿಗೆ ಇವೆರಡೂ ಒಂದೇ ಪ್ರಶ್ನೆ.

ಊರಿನ ಅನೇಕ ಆಸ್ಪತ್ರೆಗಳಲ್ಲಿ ಮನೆಯವರು ಐಸಿಯು ಬಾಗಿಲಾಚೆ ಕಾಯುತ್ತಾರೆ. ನಾವು ಹೊರಗೆ ಬಂದು ನಾಲ್ಕು ಮಾತು ಹೇಳಿ ಒಳಗೆ ಹೋಗುತ್ತೇವೆ. ಇಲ್ಲಿ ವೆಂಟಿಲೇಟರ್ ಮೇಲಿನ ಅಂಕಿಗಳನ್ನು ನಿಮಗಿಂತ ಮೊದಲು ತಾಯಿ ಗಮನಿಸಿರುತ್ತಾರೆ. "ನಿನ್ನೆ ಆಮ್ಲಜನಕ ಶೇ. 40 ಇತ್ತು, ಇವತ್ತೇಕೆ 55?" ಎಂದು ಕೇಳಿದರೆ ಅದನ್ನು ತಕರಾರು ಎಂದುಕೊಳ್ಳಬೇಡಿ. ಹೆತ್ತವರ ಕಣ್ಣಿಗೆ ಬಿದ್ದದ್ದನ್ನು ತಳ್ಳಿಹಾಕಬಾರದು ಎಂಬುದನ್ನು ಈ ದೇಶ ಬೆಲೆ ತೆತ್ತು ಕಲಿತಿದೆ. 13 ವರ್ಷದ ಮಾರ್ಥಾ ಮಿಲ್ಸ್ 2021ರಲ್ಲಿ ಸೆಪ್ಸಿಸ್‌ನಿಂದ (ಸೋಂಕಿನಿಂದಾಗಿ ಅಂಗಾಂಗಗಳು ಕೆಡುವ ಸ್ಥಿತಿ) ತೀರಿಕೊಂಡಳು. ಹೆತ್ತವರ ಆತಂಕಕ್ಕೆ ಸರಿಯಾಗಿ ಕಿವಿಗೊಟ್ಟಿರಲಿಲ್ಲ. ಅವಳ ಹೆಸರಿನ ನಿಯಮ 2024ರಿಂದ ಆಸ್ಪತ್ರೆಗಳಲ್ಲಿ ಜಾರಿಗೆ ಬರುತ್ತಿದೆ. ರೋಗಿಯ ಸ್ಥಿತಿ ಹದಗೆಡುತ್ತಿದೆ ಎನಿಸಿದರೆ ಮನೆಯವರೇ ಬೇರೊಂದು ತಂಡದಿಂದ ತುರ್ತು ಮರುಪರಿಶೀಲನೆ ಕೇಳಬಹುದು.

ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯರು) ಕೆಟ್ಟ ಸುದ್ದಿ ಹೇಳಲು ಹೊರಟಾಗ ಅನುಮತಿ ಪಡೆದು ಜತೆಗೆ ಹೋಗಿ, ಮೂಲೆಯಲ್ಲಿ ಕುಳಿತು ನೋಡಿ. ಬಲ್ಲವರು ಕೋಣೆಗೆ ಕಾಲಿಡುವ ಮೊದಲೇ ಬ್ಲೀಪ್ (ತುರ್ತು ಕರೆಯ ಪೇಜರ್) ಅನ್ನು ಇನ್ನೊಬ್ಬರ ಕೈಗೆ ಕೊಟ್ಟಿರುತ್ತಾರೆ. ಮಗುವನ್ನು ನೋಡಿಕೊಳ್ಳುವ ನರ್ಸ್ ಜತೆಗಿರುತ್ತಾರೆ. ಕುಳಿತ ಮೇಲೆ ಮಗುವಿನ ಹೆಸರು ಹಿಡಿದು, "ಇದುವರೆಗೆ ನಿಮಗೆ ಏನೆಲ್ಲ ಹೇಳಿದ್ದಾರೆ?" ಎಂದು ಕೇಳುತ್ತಾರೆ. ಮುಖ್ಯವಾದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಗುತ್ತಾರೆ. ಆ ಮೌನವನ್ನು ಲ್ಯಾಕ್ಟೇಟ್ (ರಕ್ತಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್) ವರದಿಗಳಿಂದ ತುಂಬಿಬಿಡುವ ಚಾಳಿ ನಮ್ಮಂಥವರಿಗೆ ಹೆಚ್ಚು. ಬಾಯಿಪಾಠದಲ್ಲಿ ಗೆದ್ದು ಬಂದವರಲ್ಲವೇ! ವೈದ್ಯರು ಎದ್ದು ಹೋದ ಮೇಲೂ ನರ್ಸ್ ಅಲ್ಲೇ ಉಳಿಯುತ್ತಾರೆ. ಆಗ ಹೆತ್ತವರು ಏನು ಕೇಳಿದರು ಎಂದು ಅವರನ್ನು ವಿಚಾರಿಸಿ. ಹೇಳಿದ್ದರಲ್ಲಿ ಎಷ್ಟು ತಲುಪಿತು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಕನ್ನಡ, ಹಿಂದಿ ಬರುತ್ತದೆ ಎಂದು ನಿಮ್ಮನ್ನು ದುಭಾಷಿಯಾಗಿ ಕರೆಯುವುದುಂಟು. ಊಟ, ನಿದ್ದೆಯ ವಿಚಾರಕ್ಕೆ ಧಾರಾಳವಾಗಿ ಹೋಗಿ. ಚಿಕಿತ್ಸೆ ನಿಲ್ಲಿಸುವಂಥ ಮಾತುಕತೆಗೆ ಮಾತ್ರ ವೃತ್ತಿಪರ ದುಭಾಷಿಯೇ ಬೇಕೆಂದು ಪಟ್ಟು ಹಿಡಿಯಿರಿ. ಅಂಥ ಸುದ್ದಿಯನ್ನು ಮಗುವಿನ ಅಣ್ಣನ ಬಾಯಿಂದ ಹೇಳಿಸುವುದಂತೂ ಕೂಡದು. ವೈದ್ಯರಿಗೂ ಮನೆಯವರಿಗೂ ಹೊಂದಾಣಿಕೆಯೇ ಆಗದಿದ್ದರೆ ವಿಷಯ ಹೈಕೋರ್ಟಿಗೆ ಹೋಗುತ್ತದೆ. ಹಸುಳೆಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಹೆತ್ತವರೂ ಆಸ್ಪತ್ರೆಯೂ ಕೋರ್ಟಿಗೆ ಹೋದ 2017ರ ಚಾರ್ಲಿ ಗಾರ್ಡ್ ಪ್ರಕರಣ ನೀವೂ ಕೇಳಿರುತ್ತೀರಿ.

ಇನ್ನು ತರಬೇತಿ. ಮಕ್ಕಳ ತೀವ್ರ ನಿಗಾ ಇಲ್ಲಿ ಉಪವಿಭಾಗ. ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಕೀಯ) ತರಬೇತಿಯೊಳಗೆ ಸೇರಿ, ಮುಂದೆ ಗ್ರಿಡ್ ಎಂಬ ರಾಷ್ಟ್ರಮಟ್ಟದ ಆಯ್ಕೆಯಲ್ಲಿ ಅದಕ್ಕೆ ಹೋಗಬೇಕು. ಎಸ್‌ಟಿ1, ಅಂದರೆ ಆ ತರಬೇತಿಯ ಮೊದಲ ವರ್ಷದ ಅರ್ಜಿ ಒರಿಯಲ್ ಎಂಬ ನೇಮಕಾತಿ ಜಾಲತಾಣದಲ್ಲಿ. ಅದಕ್ಕೆ ಎಂಆರ್‌ಸಿಪಿಸಿಎಚ್ (ಮಕ್ಕಳ ವೈದ್ಯರ ಸದಸ್ಯತ್ವ ಪರೀಕ್ಷೆ) ಕಡ್ಡಾಯವಲ್ಲ, ಆದರೂ ಎಲ್ಲರೂ ಮೊದಲು ಅದರ ಪುಸ್ತಕಗಳಿಗೇ ಮುಗಿಬೀಳುತ್ತಾರೆ. ನಿಮಗೆ ಹೆಚ್ಚು ಬೇಕಾದದ್ದು ಕ್ರೆಸ್ಟ್ ಪ್ರಮಾಣಪತ್ರ, ಅಂದರೆ ಸ್ಪೆಷಾಲಿಟಿ ತರಬೇತಿಗೆ ನೀವು ಸಿದ್ಧರಿದ್ದೀರಿ ಎಂಬ ದೃಢೀಕರಣ. ಕನಿಷ್ಠ ಮೂರು ತಿಂಗಳು ನಿಮ್ಮ ಕೆಲಸ ಕಂಡ ಕನ್ಸಲ್ಟೆಂಟ್ ಅದಕ್ಕೆ ಸಹಿ ಹಾಕಬೇಕು, ರೋಗಿಗಳೊಂದಿಗಿನ ಸಂವಹನವೂ ಅದರಲ್ಲಿ ಸೇರಿದೆ. ಆದ್ದರಿಂದ ಮನೆಯವರೊಂದಿಗೆ ನೀವು ಮಾತನಾಡುವಾಗ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಿನಿ-ಸಿಇಎಕ್ಸ್ (ಕೆಲಸ ಮಾಡುವುದನ್ನು ಕಂಡು ಬರೆಯುವ ಮೌಲ್ಯಮಾಪನ) ಬರೆಸಿಕೊಳ್ಳಿ. ಕ್ಯಾನುಲಾ (ರಕ್ತನಾಳಕ್ಕೆ ಸಣ್ಣ ಕೊಳವೆ) ಹಾಕಿದ್ದಕ್ಕೆ ಬರೆಸಿಕೊಂಡ ಹಾಳೆಗಳು ಎಲ್ಲರ ಬಳಿಯೂ ಇರುತ್ತವೆ. ಅನುಭವವನ್ನು ಪೋರ್ಟ್‌ಫೋಲಿಯೋದಲ್ಲಿ ಬರೆಯುವಾಗ ಮಗುವಿನ ಗುರುತು ಸಿಗುವಂಥ ಒಂದು ವಿವರವೂ ಬೇಡ.

ಸ್ಪರ್ಧೆ ಈಗ ವಿಪರೀತ. ಮೊದಲ ವರ್ಷವೇ ಸೀಟು ಸಿಗದಿದ್ದರೆ ಧೃತಿಗೆಡಬೇಡಿ. ಇನ್ನೊಂದು ವರ್ಷ ಫೆಲೋ ಆಗಿರುವುದು ವ್ಯರ್ಥವಲ್ಲ. ವೀಸಾ ಅವಧಿಯ ಮೇಲೆ ಮಾತ್ರ ಕಣ್ಣಿಡಿ.

ಕೊನೆಯದಾಗಿ, ರಾತ್ರಿ ಪಾಳಿಯ ವಿಚಾರ. ನಡುರಾತ್ರಿ ತಂದೆ "ಉಳಿಯುತ್ತಾನಾ?" ಎಂದು ಕೇಳಿದರೆ ಒಬ್ಬರೇ ಭವಿಷ್ಯ ಹೇಳಲು ಹೋಗಬೇಡಿ. ಈಗ ಏನು ನಡೆಯುತ್ತಿದೆ, ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ಹೇಳಿ. ಮಗುವಿನ ಸ್ಥಿತಿ ನಿಜಕ್ಕೂ ಕೆಡುತ್ತಿದ್ದರೆ ಎಷ್ಟೇ ಹೊತ್ತಾಗಿರಲಿ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ. ಇಲ್ಲಿ ಅದಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ, ಫೋನ್ ಮಾಡದಿದ್ದರೆ ಮಾತ್ರ ಬೆಳಿಗ್ಗೆ ಉತ್ತರ ಕೊಡಬೇಕಾಗುತ್ತದೆ.