ಓದುಗರ ಪ್ರಶ್ನೆ: ಹಳೆಯ ಮಸ್ಟಾಂಗ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ತುಮಕೂರಿನವನು. ಹನ್ನೆರಡು ವರ್ಷಗಳಿಂದ ಅಮೆರಿಕದ ಡೆಟ್ರಾಯಿಟ್ ಸಮೀಪ ನೆಲೆಸಿದ್ದೇನೆ. ಪಕ್ಕದ ಊರಿನಲ್ಲಿ 1966ರ ಫೋರ್ಡ್ ಮಸ್ಟಾಂಗ್ ಒಂದು ಮಾರಾಟಕ್ಕಿದೆ. ಹಾರ್ಡ್‌ಟಾಪ್ (ಗಟ್ಟಿ ಲೋಹದ ಚಾವಣಿಯ ಮಾದರಿ), 289 ಘನ ಅಂಗುಲದ, ಎಂಟು ಸಿಲಿಂಡರಿನ ವಿ-8 ಎಂಜಿನ್, ಆಟೋಮ್ಯಾಟಿಕ್ ಗೇರ್. ಹೊಸದಾಗಿ ಕೆಂಪು ಬಣ್ಣ ಹೊಡೆಸಿದ್ದಾರೆ. ಮಾಲೀಕರು 24,000 ಡಾಲರ್ ಹೇಳುತ್ತಿದ್ದಾರೆ. ಎಂಜಿನ್ನಿನ ಸದ್ದು ಕೇಳಿಯೇ ಮನಸ್ಸು ಸೋತಿದೆ, ಆದರೆ ನಾನು ಮೆಕ್ಯಾನಿಕ್ ಅಲ್ಲ. ಮುಂಗಡ ಕೊಡುವ ಮುನ್ನ ಏನನ್ನು ಪರೀಕ್ಷಿಸಬೇಕು?

ಉತ್ತರ: ಎಂಜಿನ್ನನ್ನು ಕೊನೆಗೆ ನೋಡಿ, ತಗಡನ್ನು ಮೊದಲು ನೋಡಿ. 1966ನೇ ಮಾದರಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್‌ಗಳು ತಯಾರಾದವು. ಆದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಆಸನಗಳ ಹೊದಿಕೆ, ಗಾಜು, ದೀಪ ಎಲ್ಲಕ್ಕೂ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಆದರೆ ಈ ಕಾರಿಗೆ ಟ್ರಕ್ಕಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಫೋರ್ಡ್ ಕಂಪನಿಯು ತನ್ನ ಫಾಲ್ಕನ್ ಕಾರಿನ ತಳಹದಿಯ ಮೇಲೆ ಇದನ್ನು ರೂಪಿಸಿದಾಗ, ತಗಡಿನ ಹಾಳೆಗಳನ್ನೇ ಬೆಸೆದು, ಇಡೀ ದೇಹವೇ ಭಾರ ಹೊರುವಂತೆ ಮಾಡಿತು. ತಗಡು ಕೊಳೆತರೆ ಕಾರಿನ ಬೆನ್ನೆಲುಬೇ ಕೊಳೆತಂತೆ. ನೀವಿರುವ ಮಿಷಿಗನ್ ರಾಜ್ಯದಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುವುದರಿಂದ ಈ ಭಯ ಇನ್ನೂ ಹೆಚ್ಚು. ಕಾರು ಇಷ್ಟು ವರ್ಷ ಎಲ್ಲಿ ಓಡಿದೆ ಎಂಬುದನ್ನು ಮಾಲೀಕರಿಂದ ಕೇಳಿ ತಿಳಿಯಿರಿ. ಕ್ಯಾಲಿಫೋರ್ನಿಯಾ ಅಥವಾ ಅರಿಜೋನಾದಲ್ಲಿ ಬಾಳಿದ ಕಾರಿಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಮೊದಲು ನೋಡಬೇಕಾದ ಜಾಗ ಮುಂದಿನ ಗಾಜಿನ ಬುಡದಲ್ಲಿದೆ. ಬಾನೆಟ್ಟಿಗೂ ಗಾಜಿಗೂ ನಡುವೆ, ವೈಪರ್‌ಗಳ ಹತ್ತಿರ, ಗಾಳಿ ಒಳಗೆ ಬರಲೆಂದು ಸೀಳುಗಳಿರುವ ಪಟ್ಟಿಯೊಂದು ಕಾಣಿಸುತ್ತದೆ. ಇದನ್ನು ಕೌಲ್ ಎನ್ನುತ್ತಾರೆ. ಅದರ ಕೆಳಗೆ ಮುಚ್ಚಿದ ಪೆಟ್ಟಿಗೆಯಂಥ ಜಾಗವಿದೆ. ಮಳೆನೀರು ಆ ಪೆಟ್ಟಿಗೆಗೆ ಇಳಿದು ಎರಡು ಪಕ್ಕಗಳಿಂದ ಹೊರಗೆ ಹರಿದುಹೋಗಬೇಕು, ಗಾಳಿ ಮಾತ್ರ ಎತ್ತರದ ಎರಡು ಬಳೆಯಾಕಾರದ ಬಾಯಿಗಳ ಮೂಲಕ ಕಾರಿನೊಳಗೆ ಬರಬೇಕು. ದಶಕಗಟ್ಟಲೆ ತರಗೆಲೆ ಮತ್ತು ಮಣ್ಣು ಅಲ್ಲಿ ಶೇಖರವಾಗಿ ತೇವ ನಿಂತರೆ ಆ ಬಾಯಿಗಳ ಬುಡ ತುಕ್ಕು ಹಿಡಿದು ತೂತಾಗುತ್ತದೆ, ನೀರು ನೇರವಾಗಿ ಮುಂದಿನ ಆಸನಗಳ ಕಾಲ ಬಳಿ ತೊಟ್ಟಿಕ್ಕುತ್ತದೆ, ಆಮೇಲೆ ಕೆಳಗಿನ ನೆಲದ ತಗಡೂ ಕೊಳೆಯುತ್ತದೆ. ಇದು ಹೊರಗಿನಿಂದ ಕಾಣುವುದೇ ಇಲ್ಲ. ಮಾಲೀಕರ ಅನುಮತಿ ಪಡೆದು ಮುಂದಿನ ಕಾರ್ಪೆಟ್ ಎತ್ತಿ, ಎಡ ಬಲ ಎರಡೂ ಬದಿಯಲ್ಲಿ ಸೀಳುಗಳ ಮೇಲೆ ನಿಧಾನವಾಗಿ ಒಂದೊಂದು ಬಕೆಟ್ ನೀರು ಸುರಿಯಿರಿ. ಜೊತೆಗೆ ಬಂದವರು ಒಳಗೆ ಕುಳಿತು ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಬಿಟ್ಟು ನೋಡಲಿ. ಒಂದು ಹನಿ ಬಿದ್ದರೂ ಬೆಲೆಯ ಮಾತನ್ನು ಮತ್ತೆ ಮೊದಲಿನಿಂದ ಆಡಬೇಕು. ಕೌಲ್ ದುರಸ್ತಿಗೆ ಮುಂದಿನ ಮಡ್‌ಗಾರ್ಡ್‌ಗಳನ್ನು ಬಿಚ್ಚಿ, ಸಾಲುಸಾಲಾಗಿರುವ ಸ್ಪಾಟ್ ವೆಲ್ಡ್‌ಗಳನ್ನು ಕೊರೆದು ತೆಗೆದು ಮತ್ತೆ ಬೆಸೆಯಬೇಕಾಗುವುದರಿಂದ, ಬಿಡಿಭಾಗದ ಬೆಲೆಗಿಂತ ಕೆಲಸದ ಕೂಲಿಯೇ ಬಹಳ ದೊಡ್ಡದಾಗುತ್ತದೆ. ನೀರು ಸುರಿಯಲು ಮಾಲೀಕರು ಒಪ್ಪದಿದ್ದರೆ ಆ ಕಾರನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ.

ಹೊಸ ಕೆಂಪು ಬಣ್ಣ ನನಗೆ ಸಂತೋಷಕ್ಕಿಂತ ಸಂಶಯವನ್ನೇ ಹೆಚ್ಚು ತರುತ್ತದೆ. ತೆಳ್ಳನೆಯ ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತವನ್ನು ಬಾಗಿಲುಗಳ ಕೆಳ ಅಂಚು, ಹಿಂಚಕ್ರದ ಸುತ್ತ, ಮುಂದಿನ ಮಡ್‌ಗಾರ್ಡಿನ ಹಿಂಭಾಗ ಇಲ್ಲೆಲ್ಲ ಮುಟ್ಟಿಸಿ. ಅದು ಅಂಟದ ಕಡೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ ಎಂದು ತಿಳಿಯಬಹುದು. ಆಮೇಲೆ ಕಾರನ್ನು ಲಿಫ್ಟಿಗೆ ಏರಿಸುವ ಗ್ಯಾರೇಜಿಗೆ ಒಯ್ದು ಅಡಿಯಿಂದ ನೋಡಿ. ಬ್ಯಾಟರಿ ಇರುವ ಬಲ ಮುಂಭಾಗದ ತಗಡು ಆಮ್ಲ ಸೋರಿ ತಿಂದುಹೋಗಿರುವುದು ಸಾಮಾನ್ಯ. ಹಿಂದೆ, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲವಾಗಿರುವುದರಿಂದ ಅದರ ಸುತ್ತಲಿನ ಅಂಚನ್ನೂ ತಪ್ಪದೆ ನೋಡಿ. ಎಂಜಿನ್ನಿನ ಎರಡೂ ಬದಿಯಲ್ಲಿ ಮುಂದಿನ ಸ್ಪ್ರಿಂಗ್‌ಗಳ ಭಾರ ಹೊರುವ ಗೋಪುರಗಳಂಥ ತಗಡುಗಳಲ್ಲಿ ಬಿರುಕು ಅಥವಾ ಹೊಸ ವೆಲ್ಡಿಂಗ್ ಕಂಡರೆ, ಬಾಗಿಲು ಮುಚ್ಚಿದಾಗ ಸಂದು ಮೇಲೆ ಕೆಳಗೆ ಸಮನಾಗಿಲ್ಲದಿದ್ದರೆ, ದೇಹ ಬಾಗಿದೆ ಎಂದೇ ಅನುಮಾನಿಸಬೇಕು.

ಕಾಗದಪತ್ರದ ವಿಷಯ. ಕಾರಿನ ಗುರುತಿನ ಸಂಖ್ಯೆಯನ್ನು ಎಂಜಿನ್ ಕೋಣೆಯ ಎಡಬದಿಯ ಒಳತಗಡಿನ ಮೇಲೆ ಒತ್ತಿ ಮೂಡಿಸಿರುತ್ತಾರೆ. ಬಾಗಿಲಿನ ಮೇಲಿನ ಫಲಕವನ್ನು ಮಾತ್ರ ನಂಬಬೇಡಿ, ಏಕೆಂದರೆ ಅಂಥ ಫಲಕಗಳನ್ನು ಹೊಸದಾಗಿ ಮಾಡಿಸಬಹುದು. ಸಂಖ್ಯೆಯ ಆರಂಭದ 6 ಎಂದರೆ 1966ರ ಮಾದರಿ. ನಂತರದ ಅಕ್ಷರ ಕಾರ್ಖಾನೆಯದು: ಎಫ್ ಎಂದರೆ ನಿಮ್ಮ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್, ಆರ್ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ಎಂದರೆ ನ್ಯೂಜೆರ್ಸಿಯ ಮೆಟಚೆನ್. 07 ಎಂದರೆ ಹಾರ್ಡ್‌ಟಾಪ್. ಅದರ ಮುಂದಿನ ಅಕ್ಷರ ಎಂಜಿನ್ನಿನದು. ಸಿ ಎಂದಿದ್ದರೆ 200 ಅಶ್ವಶಕ್ತಿಯ 289, ಟಿ ಎಂದಿದ್ದರೆ ಆರು ಸಿಲಿಂಡರಿನ ಕಾರಿಗೆ ಯಾರೋ ಆಮೇಲೆ ವಿ-8 ಕೂರಿಸಿದ್ದಾರೆ. ಚಕ್ರಕ್ಕೆ ಐದರ ಬದಲು ನಾಲ್ಕೇ ನಟ್ಟುಗಳಿದ್ದರೂ ಅದೇ ಅರ್ಥ. ಹಾಗೆ ಬದಲಿಸಿದ ಕಾರಿನ ಬ್ರೇಕ್ ಮತ್ತು ಸ್ಪ್ರಿಂಗ್‌ಗಳು ಹಗುರ ಎಂಜಿನ್ನಿಗೆ ಮಾಡಿದವಾಗಿದ್ದರೆ ಅಪಾಯ. ಈ ಸಂಖ್ಯೆ ಮಾಲೀಕತ್ವದ ಪತ್ರದಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದದಿದ್ದರೆ ಹಣ ಕೊಡಬೇಡಿ. ಮೈಲಿ ಮೀಟರ್ 99,999ರ ನಂತರ ಮತ್ತೆ ಸೊನ್ನೆಗೆ ತಿರುಗುವುದರಿಂದ ಅದರಲ್ಲಿರುವ ಅಂಕಿ ಏನನ್ನೂ ಸಾಬೀತುಪಡಿಸುವುದಿಲ್ಲ.

ಈಗ ಎಂಜಿನ್. ನೀವು ಬರುವ ಮುನ್ನ ಕಾರನ್ನು ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಕೇಳಿಕೊಳ್ಳಿ, ಹೋದೊಡನೆ ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ. ತಣ್ಣನೆಯ ಎಂಜಿನ್ ಹೊತ್ತಿಕೊಂಡಾಗ ಕ್ಷಣಕಾಲ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್‌ಗಳು ಸವೆದಿರಬಹುದು, ಅದು ಸಹನೀಯ. ಓಡುವಾಗಲೂ ಬಿಡದೆ ಬಂದರೆ ಎಂಜಿನ್ನಿನೊಳಗಿನ ಪಿಸ್ಟನ್ ರಿಂಗ್‌ಗಳ ಕೆಲಸವಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಕೆಂಪಾಗಿರಬೇಕು, ಸುಟ್ಟ ವಾಸನೆ ಬರಬಾರದು.

ಬ್ರೇಕ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. 1966ರವರೆಗಿನ ಮಸ್ಟಾಂಗ್‌ಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. 1967ರ ಮಾದರಿಯಿಂದ ಎರಡು ಪ್ರತ್ಯೇಕ ಸರ್ಕ್ಯೂಟ್‌ಗಳು ಬಂದವು. ಹಿಂದಿನ ಮಾಲೀಕರು ಬದಲಿಸಿರದಿದ್ದರೆ, ಕಾರು ಮನೆಗೆ ಬಂದ ಮೇಲೆ ಮೊದಲ ಖರ್ಚು ಇದೇ ಆಗಲಿ. ಮಕ್ಕಳನ್ನು ಕೂರಿಸುವ ಯೋಚನೆ ಇದ್ದರೆ, ಇದರಲ್ಲಿ ಸೊಂಟದ ಬೆಲ್ಟ್ ಮಾತ್ರ ಇದೆ ಎಂಬುದನ್ನೂ ಮನಸ್ಸಿನಲ್ಲಿಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಾನು ನೋಡಿದ 1966ರ ಮಸ್ಟಾಂಗ್‌ಗೆ ಮಾಲೀಕರು ಜಿಟಿ (ಹೆಚ್ಚು ಶಕ್ತಿಯ, ವಿಶೇಷ ಸಜ್ಜಿನ ಆವೃತ್ತಿ) ಎಂದು ಹೇಳಿ ಬಹಳ ಹೆಚ್ಚು ಬೆಲೆ ಕೇಳುತ್ತಿದ್ದಾರೆ. ಲಾಂಛನ, ಮಂಜುದೀಪ, ಡ್ಯಾಶ್‌ಬೋರ್ಡಿನಲ್ಲಿ ಐದು ದುಂಡು ಮೀಟರ್‌ಗಳು ಎಲ್ಲವೂ ಇವೆ. ನಂಬಬಹುದೇ?

ಉತ್ತರ: ಲಾಂಛನ ಮತ್ತು ದೀಪಗಳನ್ನು ಯಾರು ಬೇಕಾದರೂ ಕೊಂಡು ಜೋಡಿಸಬಹುದು. ಐದು ಮೀಟರ್‌ಗಳ ಫಲಕ 1966ರಲ್ಲಿ ಎಲ್ಲ ಮಸ್ಟಾಂಗ್‌ಗಳಿಗೂ ಬಂದಿತ್ತು. ಗುರುತಿನ ಸಂಖ್ಯೆಯಲ್ಲಿ ಎಂಜಿನ್ನಿನ ಅಕ್ಷರ ಎ ಅಥವಾ ಕೆ (ಇವು 289ರ ಹೆಚ್ಚು ಶಕ್ತಿಯ ರೂಪಗಳು) ಆಗಿರಲೇಬೇಕು. ಸಿ ಅಥವಾ ಟಿ ಆಗಿದ್ದರೆ ಅದು ಕಾರ್ಖಾನೆಯಿಂದ ಹೊರಬಂದ ಜಿಟಿ ಅಲ್ಲ. ಅಕ್ಷರ ಸರಿಯಾಗಿದ್ದರೂ ಸಾಲದು, ಏಕೆಂದರೆ ಎ ಎಂಜಿನ್ ಇದ್ದ ಎಲ್ಲ ಕಾರುಗಳೂ ಜಿಟಿ ಆಗಿರಲಿಲ್ಲ. ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆಯೇ, ಅಡಿಯಲ್ಲಿ ಎರಡು ಸೈಲೆನ್ಸರ್ ಪೈಪ್‌ಗಳನ್ನು ತೂಗುಹಾಕಲು ಹಿಂಭಾಗದ ತೊಲೆಗಳಿಗೆ ಕಾರ್ಖಾನೆಯಲ್ಲೇ ಬೆಸೆದ ಬಲಪಟ್ಟಿಗಳಿವೆಯೇ ನೋಡಿ. ಆ ಬೆಸುಗೆ ಹಳೆಯದಾಗಿ, ಸುತ್ತಲಿನ ತಗಡಿನಷ್ಟೇ ವಯಸ್ಸಾದಂತೆ ಕಂಡರೆ ಮಾತ್ರ ಜಿಟಿಯ ಬೆಲೆಯ ಬಗ್ಗೆ ಮಾತನಾಡಿ.